ಕಂಗಿನ ತೋಟದ ನಡುವೆ 40 ಮೀಟರ್ ಬ್ಯಾಂಡ್: ಗದ್ದಲ ಇಳಿಸಿದ ಕೆಲಸದ ಟಿಪ್ಪಣಿ

ನಮ್ಮ ದೇಶದ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಿಗೆ, 40 ಮೀಟರ್ ಬ್ಯಾಂಡ್ ಎಂದರೆ 7.000ರಿಂದ 7.200 ಮೆಗಾಹರ್ಟ್ಸ್. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆ, ಗುಡ್ಡೆಯ ಬುಡದಲ್ಲಿ, ಸುತ್ತ ಕಂಗು (ಅಡಿಕೆ) ತೆಂಗು ಇರುವ ನನ್ನ ಮನೆಗೆ ಇದಕ್ಕಿಂತ ಹೊಂದುವ ಬ್ಯಾಂಡ್ ಬೇರೆ ಇಲ್ಲ. ಹತ್ತು ಮೀಟರ್ ಎತ್ತರದ ಸಾದಾ ಡೈಪೋಲ್ (ನಡುವಿನಲ್ಲಿ ಕೇಬಲ್ ಸೇರುವ ಎರಡು ಕೈಗಳ ವೈರಿನ ಆಂಟೆನಾ) ಅಲೆಯನ್ನು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಕಳಿಸುತ್ತದೆ. ಹಗಲಿನಲ್ಲಿ ಅದು ಅಯಾನುಗೋಳಕ್ಕೆ ತಾಗಿ ವಾಪಸ್ ಇಳಿಯುತ್ತದೆ. ನಡುವೆ ಘಟ್ಟ ಇದ್ದರೂ ಲೆಕ್ಕಕ್ಕಿಲ್ಲ. ಶಿವಮೊಗ್ಗ ನೇರ ಗೆರೆಯಲ್ಲಿ 150 ಕಿ.ಮೀ. ಆಚೀಚೆ, ಧಾರವಾಡ 300ಕ್ಕಿಂತ ತುಸು ಜಾಸ್ತಿ. ಎರಡೂ ಸಲೀಸಾಗಿ ಸಿಗುವ ದೂರ. ಇಲ್ಲಿ ನಾವು ಮನೆಯಲ್ಲಿ ಹವ್ಯಕವನ್ನೋ ತುಳುವನ್ನೋ ಮಾತಾಡುತ್ತೇವೆ, ಪೇಟೆಗೆ ಹೋದರೆ ಮಲಯಾಳ. ಬೆಳಿಗ್ಗೆ ರೇಡಿಯೊ ಹಾಕಿ ಗಡಿಯಾಚೆಯವರ ಜೊತೆ ಕನ್ನಡದಲ್ಲಿ ಒಂದು ಗಂಟೆ ಮಾತಾಡುವುದು ನನಗೆ ತುಂಬಾ ಬೇಕಾದ ವಿಷಯ.

ಅದು ಮೆಲ್ಲಮೆಲ್ಲನೆ ಕೈತಪ್ಪುತ್ತಾ ಬಂತು. ಯಾರೂ ಮಾತಾಡದ ಹೊತ್ತಿನಲ್ಲೂ, ಬರುವ ಸಿಗ್ನಲ್‌ನ ಬಲ ತೋರಿಸುವ ಎಸ್ ಮೀಟರ್‌ನ ಮುಳ್ಳು ಬರೀ ಗದ್ದಲಕ್ಕೇ ಎಸ್8ರಲ್ಲಿ ನಿಲ್ಲತೊಡಗಿತು. ಆಚೆಯವರಿಗೆ ನನ್ನ ದನಿ ಚೆನ್ನಾಗಿ ಕೇಳುತ್ತಿತ್ತು. ನನಗೆ ಅವರದ್ದು ಕೇಳುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಒಂದೇ: ದೊಡ್ಡ ಆಂಟೆನಾ ಹಾಕಿ, ಪವರ್ ಜಾಸ್ತಿ ಮಾಡಿ. ಪವರ್ ಜಾಸ್ತಿ ಮಾಡಿದರೆ ಕೇಳುವ ಕಿವಿಗೆ ಎಂತ ಪ್ರಯೋಜನ? ಆಂಟೆನಾ ದೊಡ್ಡದಾದರೆ ಗದ್ದಲವೂ ಅಷ್ಟೇ ದೊಡ್ಡದಾಗಿ ಬರುತ್ತದೆ. ಗದ್ದಲ ಹುಟ್ಟುವ ಜಾಗಕ್ಕೇ ಹೋಗಿ ಅದನ್ನು ನಿಲ್ಲಿಸಬೇಕು. ಹಾಗೆ ಮಾಡಿದ ಕೆಲಸದ ಟಿಪ್ಪಣಿ ಇದು.

ಎಷ್ಟು ಗದ್ದಲ ಸಹಜ?

ಮೊದಲು ಗುರಿ ಬೇಕಲ್ವಾ. ಎಸ್9 ಎಂದರೆ 50 ಓಮ್‌ನಲ್ಲಿ 50 ಮೈಕ್ರೋವೋಲ್ಟ್, ಅಂದರೆ ಮೈನಸ್ 73 ಡಿಬಿಎಂ (ಒಂದು ಮಿಲಿವಾಟ್‌ಗಿಂತ 73 ಡಿಬಿ ಕಡಿಮೆ). ಅಲ್ಲಿಂದ ಕೆಳಗೆ ಒಂದೊಂದು ಎಸ್‌ಗೆ 6 ಡಿಬಿ, ಅಂದರೆ ಪವರ್ ಸುಮಾರು ಕಾಲು ಭಾಗಕ್ಕೆ ಇಳಿದ ಹಾಗೆ. ಮನುಷ್ಯರ ಉಪಕರಣಗಳಿಂದ ಹುಟ್ಟುವ ಗದ್ದಲ ಎಲ್ಲೆಲ್ಲಿ ಎಷ್ಟಿರುತ್ತದೆ ಎಂದು ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೊರಡಿಸಿದ ಪಿ.372 ಶಿಫಾರಸಿನಲ್ಲಿ ಸೂತ್ರ ಕೊಟ್ಟಿದ್ದಾರೆ. 7 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಬಿಸಿಯಿಂದ ತಾನಾಗಿ ಹುಟ್ಟುವ ಕನಿಷ್ಠ ಗದ್ದಲಕ್ಕಿಂತ ಹಳ್ಳಿಯಲ್ಲಿ ಸುಮಾರು 44 ಡಿಬಿ, ನಗರದಲ್ಲಿ ಸುಮಾರು 53 ಡಿಬಿ ಮೇಲೆ ಬರುತ್ತದೆ. ಮಾತಿಗೆ ಬೇಕಾದ 2.5 ಕಿಲೋಹರ್ಟ್ಸ್ ಅಗಲಕ್ಕೆ ಇದನ್ನು ಹೊಂದಿಸಿದರೆ ಹಳ್ಳಿಗೆ ಎಸ್5, ನಗರಕ್ಕೆ ಎಸ್7ರ ಹತ್ತಿರ. ಕಾಡಿನಂಚಿನಲ್ಲಿರುವ ನನ್ನ ಮನೆಯಲ್ಲಿ ಎಸ್8! ನಗರಕ್ಕಿಂತ ಕೆಟ್ಟ ಸ್ಥಿತಿ. ಇದು ಆಕಾಶದ ಗದ್ದಲ ಅಲ್ಲವೇ ಅಲ್ಲ, ಹತ್ತಿರದಲ್ಲೇ ಯಾವುದೋ ವಸ್ತು ಕಿರುಚುತ್ತಿದೆ ಎಂದು ಈ ಲೆಕ್ಕದಿಂದಲೇ ಗೊತ್ತಾಯಿತು.

ಎಸ್ ಮೀಟರನ್ನು ಪೂರ್ತಿ ನಂಬಬೇಡಿ. ಎಸ್9ರ ಕೆಳಗೆ ಬಹಳ ರಿಗ್‌ಗಳು (ಹ್ಯಾಮ್ ರೇಡಿಯೊ ಸೆಟ್ಟುಗಳು) ಒಂದು ಎಸ್‌ಗೆ 6 ಡಿಬಿ ಲೆಕ್ಕ ಪಾಲಿಸುವುದಿಲ್ಲ. ರೆಸಿಸ್ಟರ್‌ಗಳಿಂದ ಮಾಡಿದ ಸ್ಟೆಪ್ ಅಟೆನ್ಯುಯೇಟರ್ (ಸಿಗ್ನಲನ್ನು ಲೆಕ್ಕದಲ್ಲಿ ಇಳಿಸುವ ಪೆಟ್ಟಿಗೆ) ಒಂದನ್ನು ಆಂಟೆನಾ ದಾರಿಯಲ್ಲಿ ಹಾಕಿ, 6 ಡಿಬಿ ಇಳಿಸಿದಾಗ ಮುಳ್ಳು ಎಷ್ಟು ಇಳಿಯುತ್ತದೆ ಎಂದು ಮೊದಲೇ ಬರೆದಿಟ್ಟುಕೊಂಡೆ. ಕೆಳಗೆ ಹೇಳುವ ಎಸ್ ಅಂಕಿಗಳು ಹಾಗೆ ಸರಿಪಡಿಸಿದವು.

ಮೇನ್ ಆಫ್ ಮಾಡಿ ಕೇಳುವುದು

ರಿಗ್ಗನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಆಫ್ ಮಾಡುವುದು ಮೊದಲ ಪರೀಕ್ಷೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ಈಗ ಎಲ್ಲ ಮನೆಗಳಲ್ಲೂ ಇನ್ವರ್ಟರ್ ಇದೆ. ಮೇನ್ ಹೋದ ಕೂಡಲೇ ಅದು ಎದ್ದು ಕೂತು ಲೈಟು, ಫ್ಯಾನು, ರೌಟರ್‌ಗಳಿಗೆ ಕರೆಂಟು ಕೊಡುತ್ತದೆ. ಜೊತೆಗೆ ತಾನೂ ಗದ್ದಲ ಮಾಡುತ್ತದೆ. ಇನ್ವರ್ಟರ್ ಕೂಡ ಆಫ್ ಆದ ಮೇಲಷ್ಟೇ ಮನೆ ನಿಜವಾಗಿ ಮೌನ. ಲ್ಯಾಪ್‌ಟಾಪ್‌ನಲ್ಲಿ ಎಸ್‌ಡಿಆರ್ (ಸಾಫ್ಟ್‌ವೇರ್‌ನಲ್ಲಿ ಓಡುವ ರಿಸೀವರ್) ನೋಡುವುದಾದರೆ ಅದೂ ಬ್ಯಾಟರಿಯಲ್ಲೇ ಓಡಬೇಕು. ಅದರ ಚಾರ್ಜರ್ ಕೂಡ ಒಂದು ಗದ್ದಲದ ಪೆಟ್ಟಿಗೆಯೇ.

ಎಲ್ಲ ಆಫ್ ಆದಾಗ ಎಸ್8 ಇದ್ದದ್ದು ಎಸ್6ಕ್ಕೆ ಇಳಿಯಿತು. ಅಂದರೆ ದೊಡ್ಡ ಪಾಲು ನಮ್ಮ ಮನೆಯದ್ದೇ. ಉಳಿದದ್ದು ಹೊರಗಿನದ್ದು. ಅದರಲ್ಲಿ ಒಂದು ಸ್ಪಷ್ಟ ದನಿ ಇತ್ತು: ಸೆಕೆಂಡಿಗೊಂದು ಸಲಕ್ಕಿಂತ ಸ್ವಲ್ಪ ನಿಧಾನವಾಗಿ ಟಿಕ್, ಟಿಕ್, ಟಿಕ್. ಅದರ ಕಥೆ ಆಮೇಲೆ.

ಬಳಿಕ ಒಂದೊಂದು ಸರ್ಕ್ಯೂಟಿನ ಸ್ವಿಚ್ಚುಗಳಾದ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತಾ ಹೋದೆ. ಯಾವ ಸರ್ಕ್ಯೂಟ್ ಬಂದಾಗ ಗದ್ದಲ ಬಂತೋ ಅದರ ಪ್ಲಗ್‌ಗಳನ್ನು ಒಂದೊಂದಾಗಿ ಕಿತ್ತು ನೋಡುವುದು. ಎಸ್‌ಡಿಆರ್‌ನ ವಾಟರ್‌ಫಾಲ್ ಚಿತ್ರ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಜೋರು ಎಂದು ತೋರಿಸುವುದು) ಇಲ್ಲಿ ಬಹಳ ಉಪಯೋಗಕ್ಕೆ ಬಂತು. 7.085ರಲ್ಲಿ ಒಂದು ಮಸುಕಾದ ದಿಬ್ಬ, 7.150ರಲ್ಲಿ ಇನ್ನೊಂದು. ನಡುವಿನ ಅಂತರ 65 ಕಿಲೋಹರ್ಟ್ಸ್. ಅಡಾಪ್ಟರ್‌ಗಳ ಒಳಗೆ ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡುವ ಸ್ವಿಚಿಂಗ್ ಸರ್ಕ್ಯೂಟ್ 65 ಕಿಲೋಹರ್ಟ್ಸ್‌ನಲ್ಲಿ ಓಡುವುದು ತುಂಬಾ ಸಾಮಾನ್ಯ. 65ನ್ನು 109ರಿಂದ ಗುಣಿಸಿದರೆ 7085, 110ರಿಂದ ಗುಣಿಸಿದರೆ 7150. ಅಡಾಪ್ಟರ್ ಬಿಸಿಯಾದ ಹಾಗೆ ದಿಬ್ಬಗಳು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತವೆ. ದಿಬ್ಬಗಳ ನಡುವಿನ ಅಂತರ ನೋಡಿ ಯಾವ ಅಡಾಪ್ಟರ್ ಎಂದು ಗುರುತಿಸುವುದು ಒಮ್ಮೆ ಅಭ್ಯಾಸವಾದರೆ ಹುಡುಕುವ ಕೆಲಸ ಅರ್ಧ ಮುಗಿದ ಹಾಗೆ.

ಸಿಕ್ಕಿಬಿದ್ದವು: ಫೈಬರ್ ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರ್, ಸಿಸಿಟಿವಿಯ ಅಡಾಪ್ಟರ್, ಹಟ್ಟಿಯ (ದನದ ಕೊಟ್ಟಿಗೆಯ) ಎಲ್ಇಡಿ ಟ್ಯೂಬುಗಳು. ಫೈಬರ್ ಎಳೆಯಲ್ಲಿ ಬರುವುದು ಬೆಳಕು, ಅದರಿಂದ ಗದ್ದಲ ಬರುವುದಿಲ್ಲ. ಅದಕ್ಕೆ ಕರೆಂಟು ಕೊಡುವ ಪುಟ್ಟ ಅಡಾಪ್ಟರ್ ಮತ್ತು ಪೆಟ್ಟಿಗೆಯಿಂದ ಹೊರಡುವ ಉದ್ದದ ಲ್ಯಾನ್ ಕೇಬಲ್ ಗದ್ದಲ ಮಾಡುತ್ತವೆ.

ಹಳೇ ಕಾಲದ ಪವರ್ ಸಪ್ಲೈ

ರೌಟರಿಗೆ ಬೇಕಾದದ್ದು 12 ವೋಲ್ಟ್, 1 ಆಂಪಿಯರ್‌ಗಿಂತ ಕಡಿಮೆ. ಅದಕ್ಕೆ ಸ್ವಿಚಿಂಗ್ ಇಲ್ಲದ ಸಪ್ಲೈ ಕಟ್ಟಿದೆ. 15 ವೋಲ್ಟ್ 2 ಆಂಪಿಯರ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಬ್ರಿಡ್ಜ್, 4700 ಮೈಕ್ರೋಫ್ಯಾರಡ್ ಕೆಪಾಸಿಟರ್, 12 ವೋಲ್ಟನ್ನು ಸ್ಥಿರವಾಗಿಡುವ 7812 ಐಸಿ. ಟ್ರಾನ್ಸ್‌ಫಾರ್ಮರ್ 2 ಆಂಪಿಯರ್‌ದ್ದೇ ಬೇಕು. ಬ್ರಿಡ್ಜ್ ಆದಮೇಲೆ ದೊಡ್ಡ ಕೆಪಾಸಿಟರ್ ಇದ್ದರೆ ಡಿಸಿಯಲ್ಲಿ ತೆಗೆಯಬಹುದಾದ್ದು ಎಸಿ ರೇಟಿಂಗ್‌ನ ಸುಮಾರು 60 ಶೇಕಡ ಮಾತ್ರ. ಐಸಿಯ ಮೇಲೆ 6ರಿಂದ 8 ವೋಲ್ಟ್ ಇಳಿಯುತ್ತದೆ, 0.7 ಆಂಪಿಯರ್ ಎಳೆದರೆ 5 ವಾಟ್‌ನಷ್ಟು ಬಿಸಿ. ಹಾಗಾಗಿ ಕೈಯಗಲದ ಹೀಟ್ ಸಿಂಕ್ ಹಾಕಿದ್ದೇನೆ. ಬ್ರಿಡ್ಜ್‌ನ ಪ್ರತಿ ಡಯೋಡ್‌ಗೆ ಅಡ್ಡಲಾಗಿ 0.01 ಮೈಕ್ರೋಫ್ಯಾರಡ್ ಡಿಸ್ಕ್ ಕೆಪಾಸಿಟರ್ ಇದೆ. ಇದನ್ನು ಬಿಡಬೇಡಿ. ಡಯೋಡ್ ಆನ್-ಆಫ್ ಆಗುವಾಗ ಹತ್ತಿರದ ಸಿಗ್ನಲ್‌ಗಳ ಮೇಲೆ 100 ಹರ್ಟ್ಸ್‌ನ ಗುಂಯ್ ದನಿ ಕೂರುವುದನ್ನು ಅದು ತಪ್ಪಿಸುತ್ತದೆ.

ಕರೆಂಟು ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ನಿಜ. ಆದರೆ 7.085 ಮತ್ತು 7.150ರ ದಿಬ್ಬಗಳು ಪೂರ್ತಿ ಮಾಯವಾದವು.

ಹಟ್ಟಿಯ ಟ್ಯೂಬುಗಳ ಒಳಗೆ ಫಿಲ್ಟರ್ ಎಂಬುದೇ ಇರಲಿಲ್ಲ. ಅವನ್ನು ಬದಲಿಸಿದೆ. ಒಳ್ಳೆಯ ಡ್ರೈವರ್ ಇರುವ ಟ್ಯೂಬು ಸಿಕ್ಕರೆ ಫಿಲ್ಟರ್ ಕಟ್ಟುವ ಶ್ರಮ ಬೇಡ. ಕಟ್ಟುವುದೇ ಆದರೆ ಫೇಸ್-ನ್ಯೂಟ್ರಲ್ ನಡುವೆ ಎಕ್ಸ್2 ಎಂದು ಬರೆದಿರುವ 275 ವೋಲ್ಟ್ ಎಸಿ ಕೆಪಾಸಿಟರನ್ನೇ ಹಾಕಿ. ಬೇರೆ ಜಾತಿಯದ್ದು ಕೆಟ್ಟರೆ ಬೆಂಕಿ ಹತ್ತಬಹುದು. ಅರ್ತ್‌ಗೆ ಹಾಕುವ ಕೆಪಾಸಿಟರ್ ವೈ ಜಾತಿಯದ್ದೇ ಆಗಿರಬೇಕು. 4.7 ನ್ಯಾನೋಫ್ಯಾರಡ್‌ನ ಒಂದರಲ್ಲಿ 230 ವೋಲ್ಟಿಗೆ ಸುಮಾರು 0.34 ಮಿಲಿಆಂಪಿಯರ್ ಹರಿಯುತ್ತದೆ. ಹತ್ತಾರು ಕಡೆ ಹಾಕುತ್ತಾ ಹೋದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಆಫ್ ಆಗುವ ಸ್ವಿಚ್ಚು) ಸುಮ್‌ಸುಮ್ನೆ ಟ್ರಿಪ್ ಆಗುವ ಹಂತಕ್ಕೆ ಹತ್ತಿರವಾಗುತ್ತೀರಿ.

ಕೋಆಕ್ಸ್‌ನ ಹೊರಮೈ

ಮನೆಯೊಳಗಿನ ಗದ್ದಲ ಆಂಟೆನಾಗೆ ಹೇಗೆ ಹೋಗುತ್ತದೆ? ಗಾಳಿಯಲ್ಲಿ ಹಾರಿ ಹೋಗುವುದು ಒಂದು ಪಾಲು. ನನ್ನಲ್ಲಿ ಹೆಚ್ಚಿನ ಪಾಲು ಹೋಗುತ್ತಿದ್ದದ್ದು ರಿಗ್‌ನಿಂದ ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್‌ನ ಹೊರಮೈ ಹಿಡಿದು. ಈ ಕೇಬಲ್‌ನಲ್ಲಿ ನಡುವೆ ಒಂದು ವೈರು, ಅದರ ಸುತ್ತ ಲೋಹದ ಜಾಲರಿ ಇರುತ್ತದೆ. ರಿಗ್, ಅದರ ಸಪ್ಲೈ, ಮನೆಯ ವೈರಿಂಗ್ ಎಲ್ಲವೂ ಜಾಲರಿಯ ಹೊರಬದಿಗೆ ಸೇರಿಕೊಂಡಿವೆ. ಡೈಪೋಲಿನ ನಡುವಿನಲ್ಲಿ ಈ ಜಾಲರಿ ಒಂದು ಕೈಗೆ ಮಾತ್ರ ಸೇರುತ್ತದೆ. ಹಾಗಾಗಿ ಹೊರಮೈಯಲ್ಲಿ ಹರಿದು ಬಂದ ಗದ್ದಲ ಅಲ್ಲಿ ಒಳಕ್ಕೆ ತಿರುಗಿ, ಸಿಗ್ನಲ್‌ನ ಜೊತೆಯೇ ಕೆಳಗೆ ಇಳಿದು ಬರುತ್ತದೆ. ಆಂಟೆನಾ ಮನೆಯಿಂದ ಎಷ್ಟೇ ದೂರ ಇದ್ದರೂ ಕೇಬಲ್ ಮನೆಯನ್ನೇ ಅಲ್ಲಿಗೆ ಎಳೆದೊಯ್ದ ಹಾಗೆ.

ಇದಕ್ಕೆ ಮದ್ದು ಚೋಕ್, ಅಂದರೆ ಫೆರೈಟ್ ಎಂಬ ಕಾಂತೀಯ ವಸ್ತುವಿಗೆ ಕೇಬಲ್ ಸುತ್ತಿ ಮಾಡುವ ತಡೆ. 31 ನಂಬರ್ ಮಿಶ್ರಣದ 2.4 ಇಂಚಿನ ಫೆರೈಟ್ ಬಳೆಗೆ ಆರ್‌ಜಿ-58 ಕೇಬಲನ್ನು 12 ಸುತ್ತು ಸುತ್ತಿದೆ. ಒಳಗೆ ಹೋಗುವ ಸಿಗ್ನಲ್‌ಗೆ ಬಳೆ ಇದೆ ಎಂದೇ ಗೊತ್ತಾಗುವುದಿಲ್ಲ. ಹೊರಮೈಯ ಗದ್ದಲಕ್ಕೆ ಮಾತ್ರ 7 ಮೆಗಾಹರ್ಟ್ಸ್‌ನಲ್ಲಿ ಕೆಲವು ಸಾವಿರ ಓಮ್ ಅಡ್ಡ ನಿಲ್ಲುತ್ತದೆ. ಒಂದು ಚೋಕ್ ಡೈಪೋಲಿನ ನಡುವಿಗೆ, ಇನ್ನೊಂದು ಕೇಬಲ್ ಮನೆಯೊಳಗೆ ಬರುವ ಜಾಗಕ್ಕೆ.

ಸುತ್ತುಗಳ ಬಗ್ಗೆ ಒಂದು ಮಾತು. ಚೋಕ್‌ನ ತಡೆ ಸುತ್ತುಗಳ ವರ್ಗದ ಲೆಕ್ಕದಲ್ಲಿ ಏರುತ್ತದೆ. 7 ಸುತ್ತು ಹಾಕಿದರೆ ಒಂದು ಸುತ್ತಿನ ಸುಮಾರು 49 ಪಟ್ಟು. ಕೇಬಲ್‌ಗೆ ಕ್ಲಿಪ್ ಮಾಡುವ ಪುಟ್ಟ ಫೆರೈಟ್‌ಗಳನ್ನು ಒಂದು ಸಲ ದಾಟಿಸಿ ‘ಏನೂ ಆಗಲಿಲ್ಲ’ ಎಂದು ಕೈಬಿಡುವವರು ಬಹಳ ಜನ. 7 ಮೆಗಾಹರ್ಟ್ಸ್‌ನಲ್ಲಿ ಒಂದು ಸುತ್ತಿಗೆ ಸಿಗುವುದು ಕೆಲವೇ ಹತ್ತು ಓಮ್‌ಗಳು. ಅದರಿಂದ ಏನೂ ಆಗದು. ಲ್ಯಾನ್ ಕೇಬಲ್ ಮತ್ತು ಸಿಸಿಟಿವಿ ವೈರುಗಳಿಗೆ ಹಳೇ ಪಿಕ್ಚರ್ ಟ್ಯೂಬ್ ಟಿವಿಗಳ ಯೋಕ್ ಫೆರೈಟ್ (ಟ್ಯೂಬಿನ ಕುತ್ತಿಗೆಗೆ ಹಾಕಿದ್ದ ಬಳೆ) ಬಳಸಿದೆ. ಗುಜರಿಯಲ್ಲಿ ಸಿಗುತ್ತದೆ, ತೂತು ದೊಡ್ಡದು, ಕೇಬಲನ್ನು ಬೇಕಾದಷ್ಟು ಸಲ ದಾಟಿಸಬಹುದು. ಕಂಪ್ಯೂಟರ್‌ನ ಪವರ್ ಸಪ್ಲೈ ಪೆಟ್ಟಿಗೆಯಿಂದ (ಎಸ್‌ಎಂಪಿಎಸ್) ಕಿತ್ತ ಹಳದಿ-ಬಿಳಿ ಬಣ್ಣದ ಬಳೆಗಳು ಮಾತ್ರ ಬೇಡ. ಅವು ಕಬ್ಬಿಣದ ಪುಡಿಯವು, ಈ ಕೆಲಸಕ್ಕೆ ಆಗುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಮೇಲಿನ ಚೋಕ್‌ನ ಪಿವಿಸಿ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿಬಿಟ್ಟರೂ ಒಳಗೆ ತೇವ ಕೂರುತ್ತದೆ. ಹಾಗಾಗಿ ತಳದಲ್ಲಿ ಸಣ್ಣ ತೂತು, ಅದಕ್ಕೆ ಇರುವೆ ಹೋಗದ ಹಾಗೆ ಬಲೆ. ಜೋಡಣೆಗಳಿಗೆಲ್ಲ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು. ಕೇಬಲ್ ಪೆಟ್ಟಿಗೆಗೆ ಕೆಳಗಿನಿಂದಲೇ ಬರಬೇಕು, ಆಗ ನೀರು ಕೇಬಲ್ ಹಿಡಿದು ಒಳಗೆ ಇಳಿಯುವುದಿಲ್ಲ. ಡೈಪೋಲಿನ ಒಟ್ಟು ಉದ್ದ 20 ಮೀಟರ್ ಚಿಲ್ಲರೆ. ಎರಡು ತೆಂಗಿನ ಮರಗಳಿಗೆ ಹಗ್ಗ. ಒಂದು ತುದಿಯಲ್ಲಿ ರಾಟೆ ಮತ್ತು ಕಲ್ಲಿನ ಭಾರ ಇದೆ. ಗಾಳಿಗೆ ಮರ ತೂಗಿದರೂ ವೈರು ಕಡಿಯುವುದಿಲ್ಲ. ಕಂಗಿಗೆ ಕಟ್ಟಬೇಡಿ, ಅದು ತೆಂಗಿಗಿಂತ ತುಂಬಾ ಬಾಗುತ್ತದೆ.

ಇಷ್ಟಾದ ಮೇಲೆ ಮನೆಯ ಕರೆಂಟು ಇದ್ದಾಗಲೂ ಇಲ್ಲದಾಗಲೂ ಗದ್ದಲ ಒಂದೇ, ಎಸ್6. ಅಂದರೆ ನಮ್ಮ ಮನೆ ಈಗ ಶುದ್ಧ.

ಟಿಕ್ ಟಿಕ್‌ನ ಬೆನ್ನು ಹಿಡಿದು

ಉಳಿದದ್ದು ಆ ಟಿಕ್. ಕಾಡುಹಂದಿಗೆ ಹೆದರಿ ಇಲ್ಲಿ ಬಹಳ ತೋಟಗಳಿಗೆ ಸೋಲಾರ್ ಬೇಲಿ ಹಾಕಿದ್ದಾರೆ. ಬೇಲಿಯ ಪೆಟ್ಟಿಗೆ ಒಂದು ಕೆಪಾಸಿಟರ್‌ನಲ್ಲಿ ಚಾರ್ಜ್ ತುಂಬಿಸಿ, ಟ್ರಾನ್ಸ್‌ಫಾರ್ಮರ್ ಮೂಲಕ ಕೆಲವು ಸಾವಿರ ವೋಲ್ಟ್‌ನ ಹೊಡೆತವಾಗಿ ತಂತಿಗೆ ಬಿಡುತ್ತದೆ. ಎರಡು ಹೊಡೆತಗಳ ನಡುವೆ ಕಡಿಮೆ ಎಂದರೂ ಒಂದು ಸೆಕೆಂಡು ಇರಬೇಕು ಎಂದು ಸುರಕ್ಷತೆಯ ನಿಯಮವೇ ಇದೆ. ತಂತಿ ಮುಟ್ಟಿದವರಿಗೆ ಕೈ ಬಿಡಲು ಸಮಯ ಸಿಗಲಿ ಎಂದು. ನಾನು ಕೇಳುತ್ತಿದ್ದ ತಾಳವೂ ಅದೇ.

ಸರಿಯಾಗಿರುವ ಬೇಲಿ ರೇಡಿಯೊಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಕಿಡಿ ಹಾರುವ ಬೇಲಿ ಕೊಡುತ್ತದೆ. ಒಡೆದ ಇನ್ಸುಲೇಟರ್, ಸಡಿಲ ಗಂಟು, ತಂತಿಗೆ ತಾಗಿದ ಬಳ್ಳಿ, ಇಂಥ ಕಡೆ ಪ್ರತಿ ಹೊಡೆತಕ್ಕೂ ಒಂದು ಕಿಡಿ ಹುಟ್ಟುತ್ತದೆ. ಕಿಡಿ ಎಂದರೆ ಮೀಡಿಯಂ ವೇವ್‌ನಿಂದ ಶಾರ್ಟ್ ವೇವ್‌ವರೆಗೆ ಹರಡುವ ಗದ್ದಲ. ನೂರಾರು ಮೀಟರ್ ತಂತಿ ಅದಕ್ಕೆ ಆಂಟೆನಾ. ಇನ್ನೊಂದು ಸುಳಿವೂ ಇತ್ತು. ಕರೆಂಟು ಕಂಬದ ಇನ್ಸುಲೇಟರ್‌ಗಳ ಗದ್ದಲ ಒಣ ಹವೆಯಲ್ಲಿ ಜಾಸ್ತಿ, ಮಳೆ ಬಂದರೆ ಸಾಮಾನ್ಯವಾಗಿ ಕಡಿಮೆ. ನನ್ನ ಟಿಕ್ ಮಳೆ ಬಿದ್ದ ಮೇಲೆ ಇನ್ನೂ ಜೋರಾಗುತ್ತಿತ್ತು. ಒದ್ದೆ ಎಲೆ ತಂತಿಗೆ ತಾಗಿದರೆ ಹಾಗೆಯೇ ಆಗಬೇಕು.

ಪಕ್ಕದ ತೋಟದ ಮಾವನ ಹತ್ತಿರ ಹೋಗಿ ಹೇಳಿದೆ.

“ನಿನ್ನ ರೇಡಿಯೊಕ್ಕೂ ನನ್ನ ಬೇಲಿಗೂ ಎಂತ ಸಂಬಂಧ ಮಾರಾಯ?” ಎಂದರು.

“ಕಿಡಿ ಹಾರುವಲ್ಲಿ ಬೇಲಿಯ ಪವರ್ ಸೋರಿ ಹೋಗ್ತಾ ಇದೆ ಮಾವ. ನನಗೆ ಕೇಳುವ ಟಿಕ್ ಅದೇ. ತುದಿಯಲ್ಲಿ ಹಂದಿಗೆ ಶಾಕೇ ಹೊಡೆಯುವುದಿಲ್ಲ.”

ಕೆಳಗಿನ ಗದ್ದೆಯ ಬದಿಯಿಂದ ಹಂದಿ ನುಗ್ಗಿ ಬಾಳೆ, ಮರಗೆಣಸು ಎಲ್ಲ ಅಗೆದು ಹಾಕಿತ್ತು. ಅವರಿಗೆ ಕೂಡಲೇ ಅರ್ಥವಾಯಿತು. “ಹಾಗಾದ್ರೆ ಇವತ್ತೇ ನೋಡುವ” ಎಂದು ಟಾರ್ಚು ತಂದರು.

ಹುಡುಕಲು ಬೇಕಾದ್ದು ಒಂದು ಸಾದಾ ಮೀಡಿಯಂ ವೇವ್ ರೇಡಿಯೊ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ, ಕತ್ತಲಾದ ಮೇಲೆ ಬೇಲಿ ಉದ್ದಕ್ಕೂ ನಡೆಯಬೇಕು. ಇಂಥ ರೇಡಿಯೊದೊಳಗೆ ಫೆರೈಟ್ ಕಡ್ಡಿ ಇರುತ್ತದೆ. ಕಡ್ಡಿಯ ತುದಿ ಗದ್ದಲದ ಕಡೆ ತಿರುಗಿದಾಗ ದನಿ ತಗ್ಗುತ್ತದೆ, ಅಡ್ಡ ನಿಂತಾಗ ಜೋರಾಗುತ್ತದೆ. ಜೋರು ದನಿಗಿಂತ ತಗ್ಗುವ ದಿಕ್ಕನ್ನು ಹುಡುಕುವುದೇ ಸುಲಭ, ಅದು ಚೂಪಾಗಿ ಸಿಗುತ್ತದೆ. ತಂತಿಯ ತೀರಾ ಹತ್ತಿರ ಹೋದರೆ ಎಲ್ಲ ಕಡೆಯೂ ಟಿಕ್ ಕೇಳಿ ದಿಕ್ಕು ತಿಳಿಯುವುದಿಲ್ಲ. ಆಗ ವಾಲ್ಯೂಮ್ ಇಳಿಸಿ, ಟಾರ್ಚ್ ಆರಿಸಿ, ಕಣ್ಣಿನಿಂದಲೇ ನೋಡಬೇಕು. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪಾಗಾರದ ಬದಿಯ ಕಂಬದಲ್ಲಿ ನೀಲಿ ಕಿಡಿ ಕಂಡಿತು. ಬಿಸಿಲಿಗೆ ಪ್ಲಾಸ್ಟಿಕ್ ಇನ್ಸುಲೇಟರ್ ಸೀಳಿತ್ತು. ಗೇಟಿನ ಹತ್ತಿರ ತಂತಿಯನ್ನು ಸುಮ್ನೆ ಕೊಕ್ಕೆ ಹಾಕಿ ಸಿಕ್ಕಿಸಿದ್ದರು, ಅಲ್ಲೂ ಕಿಡಿ. ಕೆಳಗೆ ಕಾಳುಮೆಣಸಿನ ಬಳ್ಳಿ ಇಳಿದು ತಂತಿಗೆ ತಾಗಿತ್ತು.

ಮರುದಿನ ಬೇಲಿಯ ಪೆಟ್ಟಿಗೆ ಆಫ್ ಮಾಡಿ, ಬ್ಯಾಟರಿ ವೈರನ್ನೂ ಬಿಚ್ಚಿಟ್ಟು ಕೆಲಸ ಹಿಡಿದೆವು. ಸೀಳಿದ ಇನ್ಸುಲೇಟರ್‌ಗಳನ್ನು ಬದಲಿಸಿದೆವು. ಕೊಕ್ಕೆಯ ಜಾಗದಲ್ಲಿ ನಟ್ಟು-ಬೋಲ್ಟಿನ ಕ್ಲ್ಯಾಂಪ್ ಹಾಕಿದೆವು. ಬಳ್ಳಿ, ಹುಲ್ಲು ಸವರಿದೆವು. ಬೇಲಿಯ ಅರ್ತ್ ರಾಡನ್ನೂ ನೋಡಿದೆವು. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿ ಅರ್ತ್ ಹಿಡಿಯುವುದೇ ಇಲ್ಲ. ರಾಡನ್ನು ಸುರಂಗದ (ಗುಡ್ಡೆಗೆ ಅಡ್ಡಲಾಗಿ ಕೊರೆದ ನೀರಿನ ದಾರಿ) ನೀರು ಹರಿದು ಹೋಗುವ ತಂಪು ಜಾಗಕ್ಕೆ ಸಾಗಿಸಿದೆವು. ಬೇಲಿಯ ಅರ್ತ್ ಮನೆಯ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು, ಎರಡನ್ನೂ ಸೇರಿಸಲೇಬಾರದು. ಆ ಜಾಗ ಅದಕ್ಕಿಂತ ಎಷ್ಟೋ ದೂರ ಇದೆ.

ತುದಿಯಲ್ಲಿ ಬೇಲಿಯ ಮೀಟರ್ ಹಿಡಿದರೆ ಮೊದಲು 3 ಕಿಲೋವೋಲ್ಟ್ ಇದ್ದದ್ದು 6 ದಾಟಿತು. ಮಾವನಿಗೆ ಖುಷಿ. ನನ್ನ ರಿಗ್‌ನಲ್ಲಿ ಟಿಕ್ ಹುಡುಕಿದರಷ್ಟೇ ಸಿಗುವಷ್ಟು ಸಣ್ಣದಾಯಿತು.

ರಿಗ್‌ನಲ್ಲಿ ಗದ್ದಲದ ಹೊಡೆತ ಬಂದ ಕ್ಷಣ ಮಾತ್ರ ದನಿ ಕತ್ತರಿಸುವ ನಾಯ್ಸ್ ಬ್ಲ್ಯಾಂಕರ್ ಬಟನ್ ಇದೆಯಲ್ಲ, ಅದು ಸಾಲದಾ ಎಂದು ಕೇಳುವವರಿದ್ದಾರೆ. ಇಂಥ ಗಿಡ್ಡ ಹೊಡೆತಗಳಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಪಕ್ಕದಲ್ಲಿ ಜೋರು ಸ್ಟೇಷನ್ ಬಂದರೆ ಬ್ಲ್ಯಾಂಕರ್ ಅದನ್ನೂ ಹೊಡೆತ ಎಂದು ತಿಳಿದು ಕತ್ತರಿಸತೊಡಗುತ್ತದೆ. ಆಗ ಎಲ್ಲರ ದನಿಯೂ ಒಡೆಯುತ್ತದೆ. ಮೂಲದಲ್ಲಿ ಸರಿಮಾಡಿದರೆ ಆ ಬಟನ್ ಒತ್ತುವ ಅಗತ್ಯವೇ ಬರುವುದಿಲ್ಲ.

ಈಗಿನ ಸ್ಥಿತಿ, ಬಾಕಿ ಕೆಲಸ

ಹಗಲಿನಲ್ಲಿ ಈಗ ಎಸ್4ರಿಂದ ಎಸ್5. ಮೊದಲಿಗಿಂತ 20 ಡಿಬಿಯಷ್ಟು ಕಡಿಮೆ, ಪವರ್ ಲೆಕ್ಕದಲ್ಲಿ ನೂರನೇ ಒಂದು. ಧಾರವಾಡದ ಕಡೆಯವರು 10 ವಾಟ್‌ನಲ್ಲಿ ಕರೆದರೂ ಹೆಸರು, ಊರು ಎಲ್ಲ ಬರೆದುಕೊಳ್ಳುವಷ್ಟು ಸ್ಪಷ್ಟ. ಬರುವ ಸಿಗ್ನಲನ್ನು ಹಿಗ್ಗಿಸುವ ರಿಗ್‌ನ ಪ್ರೀಆಂಪ್ ಆಫ್‌ನಲ್ಲೇ ಇರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಹೊರಗಿನ ಗದ್ದಲವೇ ರಿಸೀವರ್‌ನ ಸ್ವಂತ ಗದ್ದಲಕ್ಕಿಂತ ಎಷ್ಟೋ ಜಾಸ್ತಿ ಇರುವುದರಿಂದ ಅದು ಬೇಡ.

ಮಾರ್ಚ್‌ನಿಂದ ಮಳೆಗಾಲ ಶುರುವಾಗುವವರೆಗೆ ಸಂಜೆ ಘಟ್ಟದ ಕಡೆ ಗುಡುಗು ಎದ್ದಾಗ ಬರುವ ಕರಕರ ಪ್ರಕೃತಿಯದ್ದು. ಅದಕ್ಕೆ ಮದ್ದಿಲ್ಲ. ಆಗ ಕೋಆಕ್ಸ್ ಕಳಚಿ ಮನೆಯ ಹೊರಗೆ ಹಾಕಿ, ರಿಗ್ ಆಫ್ ಮಾಡಿಬಿಡುತ್ತೇನೆ.

ಸರಿಮಾಡಲು ಉಳಿದಿರುವುದು ಕೆಳಗಿನ ತೋಟದ ಸೋಲಾರ್ ಪಂಪು. ಬಿಸಿಲೇರಿದಾಗ ಅದರ ಕಂಟ್ರೋಲರ್‌ನಿಂದ ಕೊಳವೆಬಾವಿಗೆ ಹೋಗುವ ಕೇಬಲ್ ಒಂದು ಒರಟು ಗುರ್ ದನಿ ಬಿಡುತ್ತದೆ. ಮೋಟರಿನ ಮೂರೂ ವೈರುಗಳನ್ನು ಒಟ್ಟಿಗೆ ಒಂದೇ ಫೆರೈಟ್‌ನೊಳಗೆ ಸುತ್ತಬೇಕು, ಪ್ಯಾನಲ್‌ನಿಂದ ಬರುವ ಪ್ಲಸ್-ಮೈನಸ್ ಎರಡನ್ನೂ ಇನ್ನೊಂದರೊಳಗೆ. ಒಂದೇ ವೈರು ದಾಟಿಸಿದರೆ ಪಂಪಿನ ಕರೆಂಟಿನ ಕಾಂತತೆಯೇ ಫೆರೈಟ್‌ನಲ್ಲಿ ತುಂಬಿಹೋಗಿ ಅದು ಕೆಲಸ ನಿಲ್ಲಿಸುತ್ತದೆ. ಒಟ್ಟಿಗೆ ದಾಟಿಸಿದರೆ ಹೋಗುವ ಬರುವ ಕರೆಂಟುಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ, ಗದ್ದಲಕ್ಕೆ ಮಾತ್ರ ತಡೆ ಬೀಳುತ್ತದೆ. ದೊಡ್ಡ ಯೋಕ್ ಫೆರೈಟ್‌ಗಳನ್ನು ತೆಗೆದಿಟ್ಟಿದ್ದೇನೆ. ತೋಟಕ್ಕೆ ನೀರು ಬಿಡುವುದು ಜೋರಾಗುವುದು ಜನವರಿ ನಂತರ. ಅಷ್ಟರೊಳಗೆ ತೋಟದವರನ್ನು ಕೇಳಿ, ಪಂಪು ನಿಂತಿರುವಾಗಲೇ ಹಾಕಿ ಮುಗಿಸಬೇಕು.